ಬೊಮ್ಮಿಯ ಚಿಪ್ಪಿನ ತೋಟ

ಬಹಳ ಹಿಂದೆ, ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಹೊನ್ನಗುಡ್ಡ ಎಂಬ ರಾಜ್ಯವಿತ್ತು. ಕರಿಜಟೆ ಎಂಬ ಮಾಯಾವಿ ಅಲ್ಲಿಗೆ ಬಂದು ರಾಜನ ಕಿರೀಟ ಕೇಳಿದ. ರಾಜ ಕೊಡಲಿಲ್ಲ.

"ಹಾಗಾದರೆ ಈ ರಾಜ್ಯದಲ್ಲಿ ಇನ್ನು ಹಸಿರೇ ಇಲ್ಲ!" ಎಂದು ಮಾಯಾವಿ ಕೋಲು ಕುಟ್ಟಿದ. ಹೊಲ, ಹಿತ್ತಲು, ಅಂಗಳವೆಲ್ಲ ಬಂಡೆಯಾಯಿತು. ಅಂದಿನಿಂದ ಜನ ಗುಡ್ಡ ಹತ್ತಿ, ಅವನ ಕಾಲಿಗೆ ಬಿದ್ದು, ಕಾಳು ತರಬೇಕಾಯಿತು.

ಕುಂಬಾರರ ಮನೆಯ ಸಿದ್ದ ಮಾತ್ರ, "ಕಾಳಿಗಾಗಿ ಕಾಲಿಗೆ ಬೀಳಲಾರೆ" ಎಂದ. ಮಾಯಾವಿ ಕೋಲು ಬೀಸಿದ. ಸಿದ್ದ ಗುಡ್ಡದ ಮೇಲೆ ನಿಂತಲ್ಲೇ ಕಲ್ಲಾದ.

ಸಿದ್ದನ ತಂಗಿ ಬೊಮ್ಮಿ ಅಳುತ್ತಲೇ ಗುಡ್ಡ ಹತ್ತಿದಳು. "ನಮ್ಮಣ್ಣನ್ನ ಬಿಟ್ಟುಬಿಡು."

ಮಾಯಾವಿ ನಕ್ಕ. "ನಾನು ಹೇಳಿದಂತೆ ಮೂರು ಸಲ ಹಸಿರು ಬೆಳೆಸಿ ತೋರಿಸು. ಅಣ್ಣನನ್ನೂ ನೆಲವನ್ನೂ ಬಿಡುತ್ತೇನೆ. ಒಮ್ಮೆ ಸೋತರೂ ನೀನೂ ಕಲ್ಲು. ಮೊದಲು, ಅಂಗೈಯಗಲ ಜಾಗದಲ್ಲಿ ಬೆಳೆಸು."

ನೆಲ ಬಂಡೆಯಾಗುವ ಮೊದಲೇ ಮನೆಯಲ್ಲಿ ಅವ್ವ ತರಕಾರಿ ಸಿಪ್ಪೆಯನ್ನು ಒಡೆದ ಮಡಕೆಯಲ್ಲಿ ಹಾಕಿಟ್ಟಿದ್ದಳು. ಅದು ಕೊಳೆತು ಕರಿಮಣ್ಣಾಗಿತ್ತು. ಬೊಮ್ಮಿ ತೆಂಗಿನ ಚಿಪ್ಪಿನ ತಳಕ್ಕೆ ತೂತು ಕೊರೆದು, ಆ ಮಣ್ಣು ತುಂಬಿ, ಮೆಂತ್ಯ ಉದುರಿಸಿದಳು. ಸೊಪ್ಪು ಬಂತು. ಮಾಯಾವಿ ಒಂದೆಲೆ ಕಿತ್ತು ಅಗಿದು, ಮುಖ ಕಿವುಚಿದ.

"ಈಗ ನೆಲಕ್ಕೂ ತಾಗದಂತೆ, ಗೋಡೆಗೂ ತಾಗದಂತೆ ಬೆಳೆಸು!"

ಬೊಮ್ಮಿ ಒಣ ಸೋರೆಬುರುಡೆಗೆ ಮಣ್ಣು ತುಂಬಿ, ಅವರೆಕಾಳು ಊರಿ, ಸೂರಿನಿಂದ ಹಗ್ಗದಲ್ಲಿ ತೂಗುಬಿಟ್ಟಳು. ಬಳ್ಳಿ ಇಳಿಬಿತ್ತು. ಅದನ್ನು ಹರಿಯಲು ಮಾಯಾವಿಯ ಕಬ್ಬಿಣದ ಹದ್ದು ಹಾರಿಬಂತು. ಬಳ್ಳಿ ಅದರ ಕಾಲಿಗೇ ಸುತ್ತಿಕೊಂಡಿತು. ಹದ್ದು ತಲೆಕೆಳಗಾಗಿ ನೇತಾಡಿತು.

"ಬಿಡಿಸು ತಾಯಿ. ಇನ್ನು ನಿನ್ನ ಗಿಡ ಮುಟ್ಟೆನು" ಎಂದಿತು ಹದ್ದು.

ಬೊಮ್ಮಿ ಬಿಡಿಸಿದಳು. ಹದ್ದು ಮತ್ತೆ ಮಾಯಾವಿಯ ಬಳಿಗೆ ಹೋಗಲೇ ಇಲ್ಲ.

ಮಾಯಾವಿ ಹಲ್ಲು ಕಡಿದ. "ಕೊನೆಯದು ಕೇಳು. ಚಿಟಿಕೆ ಮಣ್ಣೂ ಇಲ್ಲದೆ ಬೆಳೆಸು. ಒಂದು ಮನೆಯಲ್ಲಲ್ಲ, ಊರಿನ ಪ್ರತಿ ಮನೆಯಲ್ಲೂ!"

ಈ ಸಲ ಬೊಮ್ಮಿಗೆ ಉಪಾಯವೇ ಹೊಳೆಯಲಿಲ್ಲ. ತಲೆಯ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತಳು. ಕೇರಿಯ ಮಕ್ಕಳು ಸುತ್ತ ನೆರೆದರು.

"ಯಾಕಕ್ಕಾ ಸಪ್ಪಗಿದೀಯ?" ಎಂದಳು ಪುಟಾಣಿ ಚೆಲುವಿ.

ಬೊಮ್ಮಿ ಎಲ್ಲ ಹೇಳಿದಳು.

"ಅಷ್ಟೇನಾ? ಅವ್ವ ಹೆಸರುಕಾಳು ನೆನೆಸಿ ಬಟ್ಟೇಲಿ ಕಟ್ಟಿದ್ರೆ ಬಾಲ ಬರುತ್ತಲ್ಲ?"

ಬೊಮ್ಮಿ ಅವಳನ್ನು ಎತ್ತಿ ಮುದ್ದಾಡಿದಳು. ಮಕ್ಕಳು ಮನೆಮನೆಗೆ ಓಡಿದರು. ತಟ್ಟೆಗೆ ಒದ್ದೆ ಬಟ್ಟೆ ಹಾಸಿ, ನೆನೆದ ರಾಗಿ, ಹೆಸರು ಹರಡಿ, ಕಿಟಕಿಯಲ್ಲಿಟ್ಟರು. ಬಟ್ಟೆ ಒಣಗದಂತೆ ಹೊತ್ತುಹೊತ್ತಿಗೆ ನೀರು ಚಿಮುಕಿಸಿದರು. "ನಂದು ಉದ್ದ!" "ಇಲ್ಲ, ನಂದೇ!" ಎಂದು ಜಗಳವಾಡಿದರು. ಕೆಲವು ದಿನಕ್ಕೆ ಊರಿನ ಕಿಟಕಿಗಳೆಲ್ಲ ಹಸಿರಾದವು. ರಾಣಿಯ ಕಿಟಕಿಯೂ ಹಸಿರಾಯಿತು.

ಮಾಯಾವಿ ಬೀದಿಬೀದಿ ಅಲೆದು ನೋಡಿದ. ಬರಿದಾದ ಕಿಟಕಿ ಒಂದೂ ಸಿಗಲಿಲ್ಲ. ಸಿಟ್ಟಿನಿಂದ, "ಬಿಡುವುದಿಲ್ಲ, ಹೋಗು!" ಎಂದು ಕೋಲೆತ್ತಿದ. ಆದರೆ ಮಾಯಾವಿಯಾದವನು ಕೊಟ್ಟ ಮಾತಿಗೆ ತಪ್ಪಿದರೆ ಅವನ ಮಾಯೆ ಉಳಿಯುವುದಿಲ್ಲ. ಕೋಲು ಕೈಯಲ್ಲೇ ಪುಡಿಯಾಯಿತು. ಬಂಡೆ ಮಣ್ಣಾಯಿತು. ಗುಡ್ಡದ ಮೇಲೆ ಸಿದ್ದ ಕಣ್ಣುಜ್ಜಿಕೊಂಡು, "ಹಸಿವು, ಬೊಮ್ಮೀ" ಎನ್ನುತ್ತ ಇಳಿದು ಬಂದ. ಅವಳು ಓಡಿ ಹೋಗಿ ಅವನನ್ನು ತಬ್ಬಿಕೊಂಡಳು. ಕರಿಜಟೆ ಬರಿ ಮುದುಕನಾಗಿ ಗಡಿ ದಾಟಿ ಹೋದ.

"ಏನು ಬೇಕಮ್ಮಾ, ಕೇಳು" ಎಂದ ರಾಜ.

"ಅರಮನೆಯ ಮೆಟ್ಟಿಲ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ ಮಹಾಪ್ರಭು. ಅಲ್ಲಿ ಮಕ್ಕಳು ಕುಂಡ ಇಡಲಿ."

ರಾಜ ಒಪ್ಪಿದ. ಅಂದಿನಿಂದ ಹೊನ್ನಗುಡ್ಡದ ದೊರೆ ಪಂಚೆ ಎತ್ತಿಕಟ್ಟಿ, ಕುಂಡಗಳ ನಡುವೆ ಅಡ್ಡಡ್ಡ ಹೆಜ್ಜೆಯಿಟ್ಟು ಸಿಂಹಾಸನಕ್ಕೆ ಹೋಗುತ್ತಿದ್ದ. ಊರೆಲ್ಲ ಉಂಡು, ಉಟ್ಟು, ನಗುತ್ತ ಬಾಳಿತು.