ಮೌನಮತ

“ನೀವು ಆರಿಸುವ ಅಭ್ಯರ್ಥಿಯ ಹೆಸರು ಹೇಳಿ” ಎಂದಿತು ನುಡಿಮತ ಯಂತ್ರ.

ಗ್ಯಾನವ್ವ ಸೆರಗು ಸರಿಪಡಿಸಿಕೊಂಡು, ನೆರೆಮನೆಯವರೊಡನೆ ಮಾತಾಡುವಂತೆ ಅದರತ್ತ ಬಾಗಿದಳು. “ನಮ್ಮ ಮನಿಯವ್ರ ಹೆಸರಿನವಗ ನೋಡಪಾ.”

“ಆ ಹೆಸರಿನ ಅಭ್ಯರ್ಥಿ ಇಲ್ಲ. ಮತ್ತೊಮ್ಮೆ ಹೇಳಿ.”

“ಅಯ್ಯ, ಹುಲಿಗೆವ್ವ ಅಂತಾರಲ್ಲ, ಅದರಾಗ ಅವ್ವನ್ನ ತಗಿ, ಅಪ್ಪನ್ನ ಹಚ್ಚು. ಇಷ್ಟು ಶಾಣ್ಯಾ ಅದೀ, ಇದು ತಿಳಿಯಂಗಿಲ್ಲೇನು?”

“ಆ ಹೆಸರಿನ ಅಭ್ಯರ್ಥಿ ಇಲ್ಲ. ಮತ್ತೊಮ್ಮೆ ಹೇಳಿ.”

ಮೂರನೆಯ ಸಲ ಗ್ಯಾನವ್ವ ಸುಮ್ಮನೆ ನಕ್ಕಳು.

“ನಿಮ್ಮ ಮತ ಸ್ವೀಕರಿಸಲಾಗಿದೆ. ಧನ್ಯವಾದ.”

“ಕಡೀಕೂ ತಿಳೀತು ನೋಡು ಅದಕ್ಕ” ಎನ್ನುತ್ತ ಅವಳು ಹೊರಗೆ ಬಂದಳು.

ಆ ಕಾಲಕ್ಕೆ ಮತಪತ್ರ, ಗುಂಡಿ, ಚಿಹ್ನೆ ಎಲ್ಲವೂ ಹೋಗಿದ್ದವು. ಡಾ. ವಿಭಾವರಿ ರೂಪಿಸಿದ ಯಂತ್ರ ಮತದಾರರ ಕಂಠಗುರುತನ್ನು ಪರೀಕ್ಷಿಸಿ, ಇಂಥವರೇ ಎಂದು ಖಚಿತಪಡಿಸಿಕೊಂಡು, ನಂತರ ದನಿಯನ್ನು ಅಳಿಸಿ ಹೆಸರನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಓದು ಬಾರದವರನ್ನು ಯಾರೂ ವಂಚಿಸುವಂತಿರಲಿಲ್ಲ. ಅದು ಪ್ರಾಮಾಣಿಕವಾದ ಯಂತ್ರ. ಆದರೆ ನಿಯಮ ಬರೆದವರು ಬೇರೆ. ಮೂರು ಅವಕಾಶಗಳಲ್ಲೂ ಹೆಸರು ಹೇಳದವರು ಹಾಲಿ ಸದಸ್ಯರ ಬಗ್ಗೆ ತೃಪ್ತರಾಗಿದ್ದಾರೆಂದು ಭಾವಿಸಿ, ಆ ಮೌನಮತವನ್ನು ಹಾಲಿ ಸದಸ್ಯರಿಗೇ ಸೇರಿಸಬೇಕು ಎಂದು ಅವರು ಬರೆದಿದ್ದರು. ಬರೆದವರೆಲ್ಲ ಹಾಲಿ ಸದಸ್ಯರೇ!

ಗ್ಯಾನವ್ವನ ಕಾಲೋನಿ ಕಬ್ಬಿಣದ ಕುಲುಮೆಯ ಮಗ್ಗುಲಲ್ಲಿತ್ತು. ಅಲ್ಲಿ ದುಡಿದ ಗಂಡಸರು ಎದೆಯಲ್ಲಿ ಮಸಿ ತುಂಬಿಕೊಂಡು ಸತ್ತಿದ್ದರು. ಅವಳ ಗಂಡನೂ ಹಾಗೆಯೇ ಹೋದ. ಈಗ ಮೊಮ್ಮಗಳು ಪಾರಿಗೆ ದಮ್ಮು. ಎರಡನೆಯ ಕುಲುಮೆ ಬಂದರೆ ಈ ಮಗು ಉಳಿಯುವುದಿಲ್ಲ ಎಂದು ವೈದ್ಯರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಹಾಲಿ ಸದಸ್ಯ ಅಮರೇಶಗೌಡ ಅದಕ್ಕೆ ಅನುಮತಿ ಕೊಡಿಸಲು ನಿಂತಿದ್ದ. ತಡೆಯುತ್ತೇನೆಂದು ಎದುರು ನಿಂತವನು ಕಾರ್ಮಿಕ ಸಂಘದ ಹುಡುಗ ಹುಲಿಗೆಪ್ಪ. ಕಾಲೋನಿಯ ಹೆಂಗಸರೆಲ್ಲ ಅವನನ್ನು ‘ತಮ್ಮ’ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಯಾಕೆ ಕರೆಯುವುದಿಲ್ಲವೆಂದು ಯಾರೂ ಯೋಚಿಸಿರಲಿಲ್ಲ.

ಅಮರೇಶಗೌಡ ಗೆದ್ದ. ‘ರಾಜ್ಯದ ಅತ್ಯಂತ ಸಂತೃಪ್ತ ಬಡಾವಣೆ’ ಎಂದು ಪತ್ರಿಕೆಗಳು ಬರೆದವು. ಮಸಿ ಉಸಿರಾಡುವ ಜನ ತೃಪ್ತರೇ? ಅಲ್ಲಿನ ಹೆಂಗಸರ ಮತಗಳೆಲ್ಲ ಮೌನಮತಗಳೆಂದು ಕಂಡು ಅನುಮಾನಗೊಂಡ ವಿಭಾವರಿ ತಾನೇ ಕಾಲೋನಿಗೆ ಬಂದಳು.

“ಅಜ್ಜಿ, ನೀವು ಹುಲಿಗೆಪ್ಪನ ಹೆಸರು ಯಾಕೆ ಹೇಳಲಿಲ್ಲ?”

“ಶ್! ಮೆಲ್ಲಕ ಅನ್ರಿ ಬಾಯಾರ. ಗಂಡನ ಹೆಸರು ಬಾಯಾಗ ಹೆಂಗ ತರೂದು? ಇಲ್ಲಿ ಎಲ್ಲಾರೂ ಹುಲಿಗೆವ್ವ ದೇವಿಗೆ ನಡಕೊಳ್ಳೋ ಮಂದಿ. ಒಬ್ಬಾಕಿಗೆ ಗಂಡ, ಒಬ್ಬಾಕಿಗೆ ಮಾವ, ಎಲ್ಲಾ ಮನ್ಯಾಗೂ ಅದ ಹೆಸರು.”

“ಅವರು ತೀರಿಕೊಂಡಿದ್ದಾರಲ್ಲ?”

“ಸತ್ತ್ರ ಗಂಡ ಅಲ್ಲೇನ್ರಿ?”

ಯಂತ್ರ ರೂಪಿಸುವಾಗ ವಿಭಾವರಿ ಕಣ್ಣಿಲ್ಲದವರನ್ನು, ಕೈಯಿಲ್ಲದವರನ್ನು, ತೊದಲುವವರನ್ನು ನೆನೆದಿದ್ದಳು. ತನ್ನ ಗಂಡನನ್ನು ದಿನವೂ ಹೆಸರಿನಿಂದಲೇ ಕೂಗುತ್ತಿದ್ದ ಅವಳಿಗೆ ಇವರು ಹೊಳೆದಿರಲಿಲ್ಲ. ಅವಳೇ ಓಡಾಡಿ ಆಯೋಗದಿಂದ ‘ಮರುನುಡಿ’ಗೆ ಅನುಮತಿ ತಂದಳು. ಮೌನಮತದವರು ಒಂದೇ ಒಂದು ಸಲ, ಸ್ಪಷ್ಟವಾಗಿ ಹೆಸರು ಹೇಳಬಹುದು.

ಶಾಲೆಯ ಅಂಗಳದಲ್ಲಿ ಹೆಂಗಸರ ಸಾಲು ನಿಂತಿತು. “ಹೇಳ್ತೀಯೇನ್ಬೇ?” ಎಂದು ಹಿಂದಿದ್ದ ಯಂಕವ್ವ ಕೇಳಿದಳು.

“ಪಾರಿ ಉಸಿರಿಗಿಂತ ಅವ್ರ ಮರ್ಯಾದಿ ದೊಡ್ಡದೇನು? ಮ್ಯಾಲೆ ಹೋದಾಗ ಅವ್ರು ಬೈದ್ರ ಬೈಸ್ಕೊಂತೀನಿ” ಎಂದು ಗ್ಯಾನವ್ವ ಒಳಗೆ ಹೋದಳು.

“ಹೆಸರು ಹೇಳಿ.”

“ಹುಲಿಗೆಪ್ಪ.”

ಜೀವಮಾನದಲ್ಲಿ ಮೊದಲ ಸಲ ಅವಳ ನಾಲಿಗೆ ಆ ಹೆಸರನ್ನು ಮುಟ್ಟಿತ್ತು. ಬದುಕಿದ್ದಾಗ ಒಮ್ಮೆಯೂ ಕರೆಯದ ಹೆಸರು. ಕೆಮ್ಮಿ ಕೆಮ್ಮಿ ಗಂಡನ ಕಣ್ಣು ಮೇಲಾದಾಗಲೂ ‘ಏನ್ರೀ, ಏನ್ರೀ’ ಎಂದೇ ಅಲುಗಿಸಿದ್ದಳು. ಮಾತು ಮುಗಿಯುವ ಮೊದಲೇ ಎದೆ ಒಡೆದು ಅಳು ಬಂತು. “ಹುಲಿಗೆಪ್ಪಾ... ಹುಲಿಗೆಪ್ಪಾ...”

“ಕಂಠಗುರುತು ಹೊಂದುತ್ತಿಲ್ಲ. ಮತ ತಿರಸ್ಕೃತ.”

ನೆಗಡಿಯ ದನಿ, ಕೆಮ್ಮಿನ ದನಿ, ಮುದಿತನದ ದನಿ ಎಲ್ಲವನ್ನೂ ಯಂತ್ರಕ್ಕೆ ಕಲಿಸಲಾಗಿತ್ತು. ಅಳುವ ದನಿಯನ್ನು ಮಾತ್ರ ಕಲಿಸಿರಲಿಲ್ಲ. ಮತ ಹಾಕುವಾಗ ಯಾರು ಅಳುತ್ತಾರೆ?

“ಇನ್ನೊಂದು ಅವಕಾಶ ಕೊಡಿ” ಎಂದಳು ವಿಭಾವರಿ.

“ನಿಯಮದಲ್ಲಿ ಇಲ್ಲ ಮೇಡಂ” ಎಂದ ಅಧಿಕಾರಿ. “ಮುಂದಿನವರು ಬರ್ರಿ.”

ಯಂಕವ್ವ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಹೆಚ್ಚಿನವರೆಲ್ಲ ಕುಲುಮೆಯ ವಿಧವೆಯರೇ. ಅಳಬಾರದೆಂದು ಹಲ್ಲು ಕಚ್ಚಿಕೊಂಡೇ ಒಳಗೆ ಹೋದರು; ಹೆಸರು ಬಾಯಿಗೆ ಬಂದೊಡನೆ ದನಿ ಒಡೆಯಿತು. ಯಂತ್ರ ಅವರಲ್ಲಿ ಯಾರನ್ನೂ ಗುರುತಿಸಲಿಲ್ಲ. ಎರಡನೆಯ ಕುಲುಮೆಗೆ ಇನ್ನು ಅಡ್ಡಿ ಉಳಿಯಲಿಲ್ಲ.

ಸೋತ ಹುಡುಗ ಹುಲಿಗೆಪ್ಪ ಕಾಂಪೌಂಡಿನ ಆಚೆ ನಿಂತಿದ್ದ. ಒಳಗೆ ಏನಾಗುತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ತನ್ನನ್ನೇ ಕರೆಯುತ್ತಿದ್ದಾರೆಂದುಕೊಂಡು, ಪ್ರತಿ ಕೂಗಿಗೂ ಗೋಡೆಯ ಮೇಲೆ ಕತ್ತು ಚಾಚಿ ಓಗೊಡುತ್ತಿದ್ದ:

“ಓ ಯವ್ವಾ, ಇಲ್ಲೇ ಅದೀನಿ!”