ಬರೀ ಗೋಡೆಗೆ ದೃಷ್ಟಿಬೊಟ್ಟು

ಬಹಳ ಹಿಂದೆ, ಬೆಟ್ಟಗಳೂ ಆಕಳಿಸುತ್ತಿದ್ದ ಕಾಲದಲ್ಲಿ, ಚಂದ್ರಗಾವಿ ಎಂಬ ರಾಜ್ಯದಲ್ಲಿ ತುಂಗವ್ವ ಎಂಬ ತಾಯಿ ಇದ್ದಳು. ಗೋಡೆಗಳ ಮೇಲೆ ಚಿತ್ರ ಬರೆದು ಬದುಕುತ್ತಿದ್ದಳು. ಅವಳ ಹನ್ನೊಂದು ತಿಂಗಳ ಮಗಳು ಕೆಂಚಿ ನಕ್ಕರೆ ಬೀದಿಗೆಲ್ಲ ಕೇಳುತ್ತಿತ್ತು.

ಆ ನಗು ಘೋರಾಕ್ಷನೆಂಬ ಮಾಂತ್ರಿಕನ ನಿದ್ದೆ ಕೆಡಿಸಿತು. ಮಧ್ಯಾಹ್ನ ಮಲಗುವ ಗಂಡಸರ ಸಿಟ್ಟು ಗೊತ್ತಲ್ಲ. ಕೆಂಚಿಯನ್ನೂ ಊರಿನ ಇನ್ನೂ ಆರು ಕೂಸುಗಳನ್ನೂ ಜಿಂಕೆಮರಿಗಳನ್ನಾಗಿ ಮಾಡಿ ತನ್ನ ಕೋಟೆಯಲ್ಲಿ ಕೂಡಿಹಾಕಿದ. ಏಳೂ ಮರಿ ಒಂದೇ ಅಚ್ಚು.

ತುಂಗವ್ವ ಕೋಟೆಗೆ ಹೋದಳು. "ನನ್ನ ಕೂಸು ಕೊಡಯ್ಯ."

"ಈ ಗೋಡೆಯ ಮೇಲೆ ಚಿತ್ರ ಬರೆ. ಅದನ್ನು ನೋಡಿ ನಿನ್ನ ಮರಿ ತಾನಾಗಿ ಬಂದರೆ ಮಾಯೆ ಹರಿಯುತ್ತದೆ. ಮೂರು ದಿನ, ಮೂರು ಚಿತ್ರ. ಸೋತರೆ ಅದು ಕೊನೆತನಕ ಜಿಂಕೆಯೇ," ಎಂದ.

ಮೊದಲ ದಿನ ಕೆಂಚಿಯನ್ನು ರಾಜಕುಮಾರಿಯಂತೆ ಬರೆದಳು, ಮೈತುಂಬ ಒಡವೆ. ಮರಿಗಳು ಒಮ್ಮೆ ನೋಡಿ ಹುಲ್ಲು ಮೇಯತೊಡಗಿದವು.

"ಯಾರ ಮನೆ ಕೂಸೇ ಇದು?" ಎಂದು ಘೋರಾಕ್ಷ ನಕ್ಕ.

ಎರಡನೆಯ ದಿನ ತನ್ನ ದುಃಖವನ್ನು ಬರೆದಳು. ಕೆದರಿದ ಕೂದಲು, ತೆರೆದ ಬಾಯಿ, ಹೊಳೆಯಂಥ ಕಣ್ಣೀರು. ಮರಿಗಳು ಹೆದರಿ ಓಡಿದವು.

"ನನಗೇ ಭಯವಾಯಿತು," ಎಂದ ಘೋರಾಕ್ಷ.

"ದಿನಾ ನಿನ್ನ ಮುಖ ನೋಡುವ ಮರಿಗಳೇ ಹೆದರಿದವು ಅಂದರೆ ಚೆನ್ನಾಗಿಯೇ ಬರೆದಿದ್ದೇನೆ," ಎಂದಳು ತುಂಗವ್ವ.

ಮೂರನೆಯ ದಿನ ಅಳಲೂ ಆಗಲಿಲ್ಲ, ಅಲಂಕರಿಸಲೂ ಮನಸ್ಸಾಗಲಿಲ್ಲ. ಕೂಸಿಗೆ ನೀರೆರೆಯಲು ಕಾಲು ಚಾಚಿ ಕೂತ ತಾಯಿಯನ್ನು ಬರೆದಳು. ಕಾಲ ಮೇಲೆ ಕೂಸಿಲ್ಲ. ಒಂದು ಕೈ ಮಾತ್ರ, ಕೂಸಿನ ಕಣ್ಣಿಗೆ ನೀರು ಹೋಗದಂತೆ, ಇಲ್ಲದ ಹಣೆಗೆ ಅಡ್ಡ ಹಿಡಿದಿತ್ತು. ಬರೆದು ಮುಗಿಸಿ, ನೀರೆರೆದಾದ ಮೇಲಿನ ಅಭ್ಯಾಸದಂತೆ ಬೆರಳಿಗೆ ಕಾಡಿಗೆ ಹಚ್ಚಿ, ಕೆನ್ನೆ ಇರಬೇಕಾದ ಜಾಗದಲ್ಲಿ ಒಂದು ಬೊಟ್ಟಿಟ್ಟಳು.

"ಬರೀ ಗೋಡೆಗೆ ದೃಷ್ಟಿಬೊಟ್ಟೇ? ಕೂಸೆಲ್ಲಿದೆ?"

"ಕಣ್ಣೆದುರು ಇಲ್ಲದ ಕೂಸಿಗೇ ದೃಷ್ಟಿ ಬೇಗ ತಾಗೋದು. ಹೆತ್ತಿದ್ದರೆ ತಿಳಿಯುತ್ತಿತ್ತು ನಿನಗೆ."

ಆಗ ಒಂದು ಮರಿ ಬಂತು. ಆ ಕೈಯ ಕೆಳಗೆ ಮೂತಿಯಿಟ್ಟಿತು. ಬೊಟ್ಟಿಡುವಾಗ ಕೆಂಚಿ ಮಾಡುವಂತೆಯೇ ಮುಖ ತಿರುಗಿಸಿ ಉಜ್ಜಿತು. ಕಾಡಿಗೆ ಕಿವಿಯವರೆಗೂ ಬಳಿದುಕೊಂಡಿತು. ಮರುಗಳಿಗೆಯಲ್ಲಿ ಗೋಡೆಯ ಬುಡದಲ್ಲಿ ಕೆಂಚಿ ಕೂತು ನಗುತ್ತಿದ್ದಳು.

ಉಳಿದ ಆರೂ ಸಾಲಾಗಿ ಬಂದು ಕೆನ್ನೆಯೊಡ್ಡಿ ಕೂಸುಗಳಾದವು. ತಾಯ ಕಾಲ ಮೇಲೆ ಮಲಗದ ಕೂಸು ಯಾವುದಿದೆ?

ಕೊನೆಗೆ ಘೋರಾಕ್ಷನೂ ನಾಚುತ್ತ ಬಂದು ಕೂತ. "ನನಗೆ ಯಾರೂ ಇಟ್ಟಿರಲಿಲ್ಲ."

"ಈ ಮೋರೆಗೆ ಯಾರ ಕಣ್ಣು ತಾಗುತ್ತದಪ್ಪ," ಎನ್ನುತ್ತಲೇ ತುಂಗವ್ವ ಬೆರಳಿಗೆ ಮತ್ತೆ ಕಾಡಿಗೆ ಹಚ್ಚಿದಳು. ಬೊಟ್ಟು ಬಿದ್ದದ್ದೇ ಅವನಿಗೆ ಮಂತ್ರವೆಲ್ಲ ಮರೆತುಹೋಯಿತು.

ಏಳು ಮನೆಯ ತೊಟ್ಟಿಲು ತುಂಬಿದವು. ಘೋರಾಕ್ಷ ಈಗ ಮಧ್ಯಾಹ್ನ ಮಲಗುವುದಿಲ್ಲ, ತೊಟ್ಟಿಲು ತೂಗುತ್ತಾನೆ. ಅವರೆಲ್ಲ ಅಲ್ಲಿ ನಗುನಗುತ್ತಿದ್ದಾರೆ. ಇಲ್ಲಿ ನೀವು ನಿಮ್ಮ ಕೂಸಿಗೆ ಬೊಟ್ಟಿಡುವುದನ್ನು ಮರೆಯಬೇಡಿ.