ಹುಳುವಿಲ್ಲದ ಸುರಗಿಪುರ

ದೇವರು ಇನ್ನೂ ಊರೊಳಗೆ ನಡೆದಾಡುತ್ತಿದ್ದ ಕಾಲ ಅದು. ಆಗ ಸುರಗಿಪುರವೆಂಬ ರಾಜ್ಯವಿತ್ತು. ಹಿತ್ತಲಿನ ಜೇನುಗಳ ಗುಂಯ್ ಸದ್ದಿಗೇ ಅಲ್ಲಿನ ಮಕ್ಕಳು ನಿದ್ದೆ ಹೋಗುತ್ತಿದ್ದವು. ಇರುವೆ ಗೂಡಿಗೆ ಒಂದು ಚಿಟಿಕೆ ನುಚ್ಚು ಹಾಕದೆ ಯಾರೂ ಉಣ್ಣುತ್ತಿರಲಿಲ್ಲ.

ಒಂದು ದಿನ ಒಡ್ಡೋಲಗದಲ್ಲಿ ಅರಸ ಚಂದ್ರಚೂಡ ಆಕಳಿಸಿದ. ಬಾಯೊಳಗೆ ನೊಣ ಹೊಕ್ಕಿತು. ಸಭೆ ಗೊಳ್ಳೆಂದು ನಕ್ಕಿತು.

"ನನ್ನ ರಾಜ್ಯದಲ್ಲಿ ಒಂದು ಹುಳುವೂ ಇರಕೂಡದು!" ಎಂದು ಅರಸ ಗುಡುಗಿದ.

ರಾಜ್ಯ ಕೆಡಿಸಲು ಹೊಂಚುತ್ತಿದ್ದ ಕರಿಜಟನೆಂಬ ಮಾಂತ್ರಿಕ ಆ ಮಾತಿಗೇ ಕಾದಿದ್ದ. ಮಂತ್ರದಂಡ ಬೀಸಿ ಜೇನು, ಚಿಟ್ಟೆ, ಗೆದ್ದಲು, ಎರೆಹುಳು ಎಲ್ಲವನ್ನೂ ಬೆಟ್ಟಕ್ಕೆ ಹೊತ್ತೊಯ್ದು ಬಚ್ಚಿಟ್ಟ.

ಹೂವು ಬಿಟ್ಟವು, ಮಿಡಿ ಕಚ್ಚಲಿಲ್ಲ. ತಿಪ್ಪೆಗೆ ಸುರಿದ ಸಗಣಿ, ತರಗು ಸುರಿದಂತೆಯೇ ಉಳಿದವು, ಗೊಬ್ಬರವಾಗಲಿಲ್ಲ.

ಅರಮನೆಯ ತೋಟಕ್ಕೆ ಗೊಬ್ಬರ ಹೊರುವ ಹಲಗಮ್ಮನ ಮಗಳು ಚಿಕ್ಕತಾಯಿ ತುಂಬು ಬಸುರಿ. ಅವಳಿಗೆ ಹೀರೇಕಾಯಿ ಚಟ್ನಿಯ ಬಯಕೆ. ಬೇರೇನೂ ಗಂಟಲಿಗಿಳಿಯದೆ ಸೊರಗುತ್ತಿದ್ದಳು.

"ಅವ್ವಾ, ನೀನು ಕಾಯಿ ತರೋ ಹೊತ್ಗೆ ನಿನ್ನ ಮೊಮ್ಮಗನೇ ಬಳ್ಳಿ ಹತ್ತತಾನೆ" ಎಂದು ನಕ್ಕಳು.

ಆ ಬತ್ತಿದ ಮುಖ ನೋಡಲಾರದೆ ಹಲಗಮ್ಮ ದೇವರಿಗೆ ಕೈಮುಗಿದು, ಹುಳುಗಳನ್ನು ಬಿಡಿಸಿ ತರಲು ಬೆಟ್ಟ ಹತ್ತಿದಳು.

ಬೆಟ್ಟದ ದಾರಿಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಬೆಂಕಿಯುಗುಳುವ ಹುಲಿ. "ಹೆದರಿಕೆ ಇಲ್ಲವೇನು?"

"ಅದೆ ಕಣಪ್ಪಾ. ಆದ್ರೆ ಮಗಳು ಕಾಯ್ತಾವ್ಳೆ."

ಹುಲಿ ತಲೆ ತಗ್ಗಿಸಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಮಾತಾಡುವ ಹಾವು. "ಇಗೋ, ಚಿನ್ನದ ಹೀರೇಕಾಯಿ. ತಗೊಂಡು ಹಿಂದಿರುಗು."

"ಅರೆಯೋಕೋದ್ರೆ ನಮ್ಮ ಒಳಕಲ್ಲೇ ಒಡೆದೋದಾತು. ನೀನೇ ಮಡೀಕೊ."

ಹಾವೂ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಕರಿಜಟನೇ ನಿಂತಿದ್ದ. ಅವನು ಹುಳುಗಳನ್ನು ಕೂಡಿಡಬಲ್ಲ, ಕೊಲ್ಲಲಾರ; ಅದಕ್ಕೆ ಬೇರೊಬ್ಬರ ಕೈ ಬೇಕು. ಮಣ್ಣಿನ ದಿಬ್ಬವೊಂದನ್ನು ತೋರಿಸಿ, "ಬಾ ತಿಪ್ಪೆಯಮ್ಮಾ! ಒಂದೇ ಏಟಿಗೆ ಇದನ್ನು ಒಡೆ. ಒಳಗಿರುವುದೆಲ್ಲ ನಿನ್ನದು" ಎಂದು ಗುದ್ದಲಿ ಕೊಟ್ಟ. ತೆಳು ಮಣ್ಣಿನ ಕೆಳಗೇ ಆ ಜೀವಗಳೆಲ್ಲ ಒತ್ತೊತ್ತಾಗಿ ಮಲಗಿದ್ದವು. ಹಲಗಮ್ಮನಿಗೆ ಅದು ತಿಳಿಯದು.

ಗುದ್ದಲಿ ಎತ್ತಿದಳು. ಆ ಕಾಲದಲ್ಲಿ ತಿಪ್ಪೆ ಕೆದಕುವವರೆಲ್ಲ ಏಟು ಹಾಕುವ ಮುಂಚೆ ಒಂದು ಮಾತು ಹೇಳುತ್ತಿದ್ದರು. ರೂಢಿಯಂತೆ ಅವಳ ಬಾಯಿಗೂ ಅದೇ ಬಂತು: "ಗುದ್ದಲಿ ಬತ್ತಾ ಅದೆ, ಸರ್ಕಳ್ರಪ್ಪಾ, ಸರ್ಕಳ್ರವ್ವಾ." ಹೇಳಿ, ಒಂದು ಗಳಿಗೆ ತಡೆದಳು.

ಒಳಗಿನವು ಆ ಮಾತನ್ನು ಬಲ್ಲವು. ಎದ್ದು ಇಬ್ಭಾಗವಾಗಿ ಸರಿದವು. ಗುದ್ದಲಿ ಬರಿ ಮಣ್ಣಿಗೆ ಬಿತ್ತು. ಒಂದು ಎರೆಹುಳುವಿನ ಮೈಯೂ ಗೀರಲಿಲ್ಲ. ದಿಬ್ಬ ಬಿರಿದು ಜೇನುಗಳು ಹೊಗೆಯಂತೆ ಮೇಲೆದ್ದವು. ಗೆದ್ದಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಂತ್ರದಂಡವನ್ನು ತಿಂದು ಮಣ್ಣು ಮಾಡಿದವು. ಬರಿಗೈಯಲ್ಲಿ ಓಡಿದ ಕರಿಜಟ ಮತ್ತೆ ಕಾಣಲಿಲ್ಲ.

ಹೀರೆ ಬಳ್ಳಿಯಲ್ಲಿ ಕಾಯಿ ಜೋತಾಡಿತು. ಚಿಕ್ಕತಾಯಿ ಬೆರಳು ನೆಕ್ಕಿಕೊಂಡು ಉಂಡಳು, ಮುದ್ದಾದ ಹೆಣ್ಣುಮಗು ಹೆತ್ತಳು. ಅರಸ ಪಾದರಕ್ಷೆ ಕಳಚಿಟ್ಟು ತಿಪ್ಪೆಯ ಬಳಿ ಬಂದು ನಿಂತ.

"ತಾಯೀ, ತಪ್ಪಾಯಿತು. ನಿನಗೇನು ಕೊಡಲಿ?"

"ಬುದ್ಧೀ, ಆ ಸಗಣಿ ಬುಟ್ಟಿ ಈ ಕಡೆ ಕೊಡಿ."

ಅರಸ ಎರಡೂ ಕೈಯಲ್ಲಿ ಎತ್ತಿಕೊಟ್ಟ.

ಅಂದಿನಿಂದ ಸುರಗಿಪುರ ಉಂಡುಟ್ಟು ನಲಿಯಿತು. ಹುಳುವಿನ ಹೊಟ್ಟೆಯನ್ನೂ ಮರೆಯದ ಸ್ವಾಮಿ ನಮ್ಮೆಲ್ಲರನ್ನೂ ಕಾಯಲಿ.